ಸಾವಿರದ ನಾನೂರು ಸುತ್ತು

ಬೈಕ್ ಶಾಲೆಯ ಶೆಡ್ಡು,
ಮಂಗಳವಾರ, ತಾರೀಕು ಹದಿನೇಳು, ಬೆಳಿಗ್ಗೆ ಹನ್ನೊಂದೂವರೆ

ಪ್ರೀತಿಯ ಗುಬ್ಬಿ,

ಹೇಗಿದ್ದೀಯಮ್ಮಾ? ಹಾಸ್ಟೆಲಿನ ಊಟ ಮೈಗೆ ಹಿಡಿಯಿತೇ? ಎಡಗೈ ಬೆರಳಿನ ಸುಟ್ಟ ಗಾಯ ಮಾಯಿತೇ? ಅಮ್ಮನ ಹತ್ತಿರ ಮಾತಾಡುವಾಗ ಕೆಮ್ಮುತ್ತಿದ್ದೆಯಂತೆ, ಬಿಸಿನೀರು ಕುಡಿ. ನಿನ್ನ ಅಜ್ಜಿ ಗಟ್ಟಿಮುಟ್ಟಾಗಿದ್ದಾಳೆ, ನನ್ನನ್ನು ಬೈಯುವಷ್ಟು ಉಸಿರು ಅವಳಲ್ಲಿ ಇನ್ನೂ ಧಾರಾಳವಾಗಿದೆ. ನೀನು ನನ್ನ ಫೋನ್ ಎತ್ತುತ್ತಿಲ್ಲ. ಇರಲಿ. ಕಾಗದದ ಅನುಕೂಲವೇನೆಂದರೆ, ಹರಿದು ಎಸೆಯಬೇಕಾದರೂ ಒಮ್ಮೆ ಕೈಗೆ ತೆಗೆದುಕೊಳ್ಳಲೇಬೇಕು. ಎಸೆಯುವ ಮೊದಲು ಓದು. ಶುಕ್ರವಾರದೊಳಗೆ ನೀನು ತರಬೇತಿಯಲ್ಲಿ ಎಂಜಿನ್ ವಿಭಾಗ ಬಿಟ್ಟು ಉಗ್ರಾಣ ವಿಭಾಗಕ್ಕೆ ಹೋಗುವ ಅರ್ಜಿಗೆ ಸಹಿ ಹಾಕುತ್ತೀಯೆಂದು ನಿನ್ನ ಅಮ್ಮ ಹೇಳಿದಳು. ಅದಕ್ಕೇ ಈ ಅವಸರ, ಅದಕ್ಕೇ ಈ ಕೋಳಿ ಕೆರೆದ ಅಕ್ಷರ.

ಮೊದಲು ಖರ್ಚು ಹೇಳಿಬಿಡುತ್ತೇನೆ, ನನ್ನ ಜಾಯಮಾನ ನಿನಗೆ ಗೊತ್ತೇ ಇದೆ. ನೀನು ರಜೆಗೆ ಬಂದು ಶಾಲೆಯ ಬೈಕಿಗೆ ಹೊಸ ಸೈಲೆನ್ಸರ್ ಕೂರಿಸಿ ಹೋದ ಮೇಲಿನ ಮೂರು ತಿಂಗಳಲ್ಲಿ ಹೋದದ್ದು ಇಷ್ಟು: ಸ್ಪಾರ್ಕ್ ಪ್ಲಗ್ಗು ಮೂರು, ಕ್ಲಚ್ ಕೇಬಲ್ ಎರಡು, ಮೈದಾನದ ಬೇಲಿಯ ಕಂಬ ಎರಡು, ಕಲಿಯಲು ಬರುವ ಬೇಕರಿಯವನ ಮೊಣಕಾಲಿನ ಚರ್ಮ ಅಂಗೈಯಗಲ, ಹೇಳದೆ ಕೇಳದೆ ಬಿಟ್ಟುಹೋದ ಶಿಷ್ಯರು ನಾಲ್ವರು, ಮಾತು ಬಿಟ್ಟ ಮೊಮ್ಮಗಳು ಒಬ್ಬಳು. ಕೊನೆಯದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಒಂದೋ ಅಂಗಡಿಯಲ್ಲಿ ಸಿಗುತ್ತದೆ, ಇಲ್ಲವೇ ತಾನಾಗಿ ಬೆಳೆಯುತ್ತದೆ.

ಆ ಸೈಲೆನ್ಸರ್ ನಿನ್ನ ಮೊದಲ ತಿಂಗಳ ಭತ್ಯೆಯದು ಎಂಬುದನ್ನು ನಾನು ಮರೆತಿಲ್ಲ. ನೀನು ಶೆಡ್ಡಿನ ನೆಲದಲ್ಲಿ ಗೋಣಿಚೀಲ ಹಾಸಿಕೊಂಡು ಕೂತು, "ಹೊಗೆ ಹೋಗೋ ದಾರಿ ಅಗಲ ಮಾಡಿದ್ರೆ, ಗಾಳಿ ಬರೋ ದಾರೀನೂ ಪೆಟ್ರೋಲ್ ಬರೋ ದಾರೀನೂ ಹೊಂದಿಸ್ಬೇಕಜ್ಜಾ, ಇಲ್ದಿದ್ರೆ ಎಂಜಿನ್ನು ಹಸ್ಕೊಂಡು ಒದ್ದಾಡತ್ತೆ" ಎಂದು ನನಗೇ ಪಾಠ ಹೇಳಿದೆ. ಗಾಳಿಗೆ ಹೊಸ ಫಿಲ್ಟರ್ ಹಾಕಿದೆ, ಪೆಟ್ರೋಲಿಗೆ ಕಾರ್ಬೊರೇಟರಿನ ಜೆಟ್ ಬದಲಿಸಿದೆ, ಐಡ್ಲಿಂಗನ್ನು ನಿಮಿಷಕ್ಕೆ ಸಾವಿರದ ನಾನೂರು ಸುತ್ತಿಗೆ ನಿಲ್ಲಿಸಿ, ಸೀಟಿನ ಕೆಳಗೆ ಟೇಪಿನ ಮೇಲೆ ಬರೆದು ಅಂಟಿಸಿದೆ: "೧೪೦೦. ಮುಟ್ಬೇಡ ಅಜ್ಜಾ." ಮೂವತ್ತೊಂದು ವರ್ಷ ಬೈಕ್ ಕಲಿಸಿದವನಿಗೆ ಒಂದೂವರೆ ಅಂಗುಲದ ಟೇಪಿನಲ್ಲಿ ಆಜ್ಞೆ! ಹೆಮ್ಮೆಯೂ ಆಯಿತು, ಸ್ವಲ್ಪ ಉರಿಯೂ ಆಯಿತು. ಎರಡೂ ನಿಜ.

ನಮ್ಮ ಕಸುಬಿನಲ್ಲಿ, ಆಕ್ಸಿಲರೇಟರ್ ಮುಟ್ಟದೆ ಎಂಜಿನ್ ತಾನಾಗಿ ಓಡುವ ಈ ಐಡ್ಲಿಂಗೇ ಬಂಡವಾಳ ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ಹೊಸದಾಗಿ ಕಲಿಯುವವರಿಗೆ ಆಕ್ಸಿಲರೇಟರ್ ತಿರುಗಿಸಲು ಜೀವ ಪುಕಪುಕ. ಕ್ಲಚ್ ಮೆಲ್ಲಗೆ ಬಿಟ್ಟರೆ ಸಾಕು, ಎಂಜಿನ್ನೇ ಅವರನ್ನು ಕೈಹಿಡಿದು ನಾಲ್ಕು ಹೆಜ್ಜೆ ನಡೆಸಬೇಕು. ಆ ನಾಲ್ಕು ಹೆಜ್ಜೆಯಲ್ಲಿ ಹೆದರಿಕೆ ಹೋಗುತ್ತದೆ, ಉಳಿದದ್ದೆಲ್ಲ ಅಭ್ಯಾಸ. ನೀನು ಹೋಗಿ ವಾರ ತುಂಬಿರಲಿಲ್ಲ, ನಮ್ಮ ಬೈಕು ನಡೆಯುವುದನ್ನೇ ಮರೆತಿತು. ತಣ್ಣಗಿದ್ದಾಗ ಆರಿಹೋಗುವುದು, ಬಿಸಿಯಾದರೆ ತಾನಾಗಿ ಗುರ್ರೆಂದು ಏರುವುದು, ಮತ್ತೆ ಇಳಿಯುವುದು. ಆರಬಾರದೆಂದು ನಾನು ಸ್ಕ್ರೂ ತಿರುಗಿಸಿ ವೇಗ ಏರಿಸಿದೆ. ಮರುದಿನ ಇನ್ನಷ್ಟು. ಕೊನೆಗೆ ಎರಡೂವರೆ ಸಾವಿರಕ್ಕೆ ಬಂತು. ಬೇಕರಿಯವನು ಕ್ಲಚ್ ಬಿಟ್ಟದ್ದೇ ತಡ, ಬೇಲಿಯ ಆಚೆ ಇದ್ದ. ಎದ್ದು ಧೂಳು ಕೊಡವಿಕೊಂಡು ಕೇಳಿದ: "ಇದೇನ್ ಸಾರ್, ಬೈಕೋ, ಮೂಗುದಾರ ಕಿತ್ತ ಹೋರಿಯೋ?"

ಅವತ್ತೇ ನಾನು ನಿನಗೆ ಫೋನ್ ಮಾಡಿದ್ದು. ಏನೆಂದೆ ಎಂಬುದು ನಿನಗೂ ನೆನಪಿದೆ, ನನಗೂ ನೆನಪಿದೆ. "ನಿನ್ನ ಕೈಗೆ ಎಂಜಿನ್ನು ಒಗ್ಗಲ್ಲ ಕಣೇ, ನಟ್ಟು ಬೋಲ್ಟು ಎಣಿಸೋ ಕೆಲ್ಸ ನೋಡ್ಕೋ." ನೀನು "ಸರಿ ಅಜ್ಜ" ಎಂದೆ, ಅಷ್ಟೆ. ವಾದ ಮಾಡಿದ್ದರೆ ನನಗೆ ನಿದ್ದೆ ಬರುತ್ತಿತ್ತು. ಅಜ್ಜಿ ಅನ್ನುತ್ತಿದ್ದಳು, "ಆ ಸೈಲೆನ್ಸರ್ ಅಷ್ಟು ಕೆಟ್ಟದಾಗಿದ್ರೆ ಕಿತ್ತು ಹಳೇದು ಹಾಕ್ಬಾರ್ದಾ?" ಕೀಳಲು ಕೈ ಬರಲಿಲ್ಲ. ಬೈಯಲು ಬಾಯಿ ಬಂತು. ಇದು ಯಾವ ಸೀಮೆಯ ಲೆಕ್ಕ ಎಂದು ಅವಳು ಈಗಲೂ ಕೇಳುತ್ತಾಳೆ.

ಈಗ ಕೇಳು, ಗುಬ್ಬಿ, ಕೂತಿದ್ದರೆ ಎದ್ದು ನಿಂತು ಕೇಳು! ಹೋದ ಬುಧವಾರ, ಲೈಸೆನ್ಸ್ ಪರೀಕ್ಷೆಗೆ ಐದೇ ದಿನ ಇರುವಾಗ, ನಮ್ಮ ಶಿಷ್ಯೆ ನರ್ಸಮ್ಮ ಬಂದಳು. ಐವತ್ತರ ಹತ್ತಿರದ ಹೆಂಗಸು, ಇಡೀ ವಾರ್ಡನ್ನು ಕಣ್ಣಲ್ಲೇ ಕೂರಿಸಿ ಏಳಿಸುವವಳು. ಬೈಕ್ ಹತ್ತಲಿಲ್ಲ. ಟ್ಯಾಂಕಿನ ಮೇಲೆ ಅಂಗೈ ಇಟ್ಟು, ಇನ್ನೊಂದು ಕೈಯ ಗಡಿಯಾರ ನೋಡುತ್ತಾ ನಿಂತಳು. ನಾನು, "ಏನಮ್ಮಾ, ನಾಡಿ ಸಿಕ್ತಾ?" ಎಂದು ನಗೆಯಾಡಿದೆ. ಅವಳು ನಗಲಿಲ್ಲ. "ಏಳು ಸೆಕೆಂಡಿಗೊಂದ್ಸಲ ಏದುಸಿರು ಬಿಡ್ತಿದೆ. ಯಾವಾಗಿಂದ? ಮೈ ಬಿಸಿಯಾದ್ಮೇಲೆ ಜಾಸ್ತೀನಾ? ನೀವೇನ್ ಔಷಧಿ ಕೊಟ್ರಿ?" ಸ್ಕ್ರೂ ತಿರುಗಿಸಿದೆ ಎಂದೆ. "ಎಷ್ಟು ಸಲ?" ಹನ್ನೊಂದು. "ಚೆನ್ನಾಗಿದೆ! ಒಂದೇ ಸಮ ಏರಿದ್ರೆ ಜ್ವರ. ಏರಿ ಇಳೀತಿದ್ರೆ ಎಲ್ಲೋ ಸೋರ್ತಿದೆ. ನೀವು ಸೋರೋದನ್ನ ಬಿಟ್ಟು ಡೋಸ್ ಏರಿಸ್ತಾ ಕೂತಿದ್ದೀರಿ."

ಚೀಲದಿಂದ ಹೊಸ ಸಿರಿಂಜು ತೆಗೆದಳು, ಸೂಜಿ ಇಲ್ಲದ್ದು. ನೀರು ತುಂಬಿ, ಎಂಜಿನ್ ಓಡುತ್ತಿರುವಾಗಲೇ ಒಂದೊಂದು ಜೋಡಣೆಯ ಮೇಲೂ ಹನಿ ಹನಿ ಬಿಡುತ್ತಾ ಹೋದಳು. ಸೈಲೆನ್ಸರಿನ ಬುಡದ ಹತ್ತಿರ ಏನೂ ಆಗಲಿಲ್ಲ. ಫಿಲ್ಟರಿನ ಹತ್ತಿರವೂ ಇಲ್ಲ. ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಕೊಳವೆಯ ಅಡಿಭಾಗಕ್ಕೆ ನೀರು ಬಿದ್ದದ್ದೇ, ಸುರ್ರೆಂದು ಒಳಗೆ ಎಳೆದುಕೊಂಡು, ಏರಿಳಿತ ಗಪ್ಪನೆ ನಿಂತಿತು! ಮೂರು ಎಣಿಸುವಷ್ಟು ಹೊತ್ತು ಶಾಂತ, ನೀರು ಮುಗಿದ ಮೇಲೆ ಮತ್ತೆ ಏದುಸಿರು. ಕೊಳವೆಯ ಅಡಿಯಲ್ಲಿ ಉಗುರಿನಷ್ಟು ಉದ್ದದ ಬಿರುಕು. ಬಿಸಿಯಾದಂತೆ ಬಾಯಿ ಬಿಡುತ್ತಿತ್ತು, ಕಳ್ಳಗಾಳಿ ನುಗ್ಗುತ್ತಿತ್ತು. ಹೊಸ ಕೊಳವೆ ತಂದು ಹಾಕಿದೆ. ಆಮೇಲೆ ನಿನ್ನ ಟೇಪ್ ನೋಡಿ, ನೀನು ಬಿಟ್ಟುಹೋದ ಸುತ್ತು ಅಳೆಯುವ ಮೀಟರ್ ಕಚ್ಚಿಸಿ, ಸ್ಕ್ರೂವನ್ನು ಸಾವಿರದ ನಾನೂರಕ್ಕೆ ವಾಪಸ್ ತಂದೆ. ನಿನ್ನ ಜೆಟ್ ಮುಟ್ಟಲಿಲ್ಲ, ನಿನ್ನ ಫಿಲ್ಟರ್ ಮುಟ್ಟಲಿಲ್ಲ. ಮುಳ್ಳು ಅಲ್ಲೇ ನಿಂತಿತು ಕಣೇ, ಗೋಡೆಗೆ ಮೊಳೆ ಹೊಡೆದ ಹಾಗೆ. ನಾನು ಶೆಡ್ಡಿನಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದೆ.

ನಿನ್ನೆ ಪರೀಕ್ಷೆ. ನೆಲಕ್ಕೆ ಕಾಲು ಊರದೆ ಎಂಟರ ಆಕಾರದಲ್ಲಿ ಎರಡು ಸುತ್ತು. ನಮ್ಮವರು ಏಳು ಮಂದಿ, ಆರು ಮಂದಿ ಪಾಸು. ಏಳನೆಯವನು ಎಂಟು ಚೆನ್ನಾಗಿಯೇ ಹಾಕಿದ, ಖುಷಿ ತಡೆಯಲಾರದೆ ಎರಡೂ ಕೈ ಎತ್ತಿ ಬಿದ್ದ. ನರ್ಸಮ್ಮ ಆಕ್ಸಿಲರೇಟರನ್ನು ತಿರುಗಿಸಲೇ ಇಲ್ಲ, ಬೈಕೇ ಅವಳನ್ನು ಕೂಸಿನಂತೆ ಸುತ್ತಿಸಿ ತಂದಿತು. ಬೇಕರಿಯವನು ಇಳಿದವನೇ ಟ್ಯಾಂಕಿಗೆ ಮುತ್ತು ಕೊಟ್ಟ. ಸುಮ್ಮಸುಮ್ಮನೆ ಯಾರನ್ನೂ ಹೊಗಳದ ಇನ್ಸ್‌ಪೆಕ್ಟರ್ ಸಾಹೇಬರು ಬಗ್ಗಿ, ಕಿವಿಗೊಟ್ಟು, "ಸೈಲೆನ್ಸರ್ ಬದಲಾಯ್ಸಿದ ಗಾಡಿ ಇಷ್ಟು ಒಂದೇ ಸಮ ನಿಲ್ಲೋದು ನಾನ್ ನೋಡಿಲ್ಲ, ಯಾರ್ರೀ ಟ್ಯೂನ್ ಮಾಡಿದ್ದು?" ಎಂದು ಕೇಳಿದರು. "ನನ್ನ ಮೊಮ್ಮಗಳು" ಎಂದೆ. ಇಡೀ ಮೈದಾನಕ್ಕೆ ಕೇಳುವಂತೆ ಅಂದೆನಂತೆ. ಅಜ್ಜಿಗೆ ಮನೆಯಲ್ಲೇ ಕೇಳಿಸಿತು ಎನ್ನುತ್ತಾಳೆ, ಅದು ಅವಳ ಕುಹಕ.

ಹೊತ್ತಿಗೆ ಸರಿಯಾಗಿ ಉಣ್ಣು, ಬೆರಳಿಗೆ ಬಟ್ಟೆ ಸುತ್ತಿಕೋ. ನೂರು ಕಾಲ ನೆಟ್ಟಗೆ ಬಾಳು ಮಗಳೇ. ಅಜ್ಜಿ ನಿನ್ನ ಕೆನ್ನೆ ಹಿಂಡಿದ್ದಾಳೆ ಎಂದು ಬರೆಯಲು ಹೇಳಿದಳು, ಬರೆದಿದ್ದೇನೆ.

ನಿನ್ನ ಅಜ್ಜ

ತಾ.ಕ.: ಕೊರಿಯರ್‌ನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಹೇಳುತ್ತೇನೆ. ರಬ್ಬರ್ ಹೇಗೆ ಬಿರಿಯಿತೆಂದು ಮೇಲೆ ಬರೆಯಲಿಲ್ಲ. ನೀನು ಹೋದ ನಾಲ್ಕನೆಯ ದಿನ, ಒಳಗೆ ಏನು ಹಾಕಿದ್ದೀಯೋ ನೋಡೋಣವೆಂಬ ಚಪಲಕ್ಕೆ ಕಾರ್ಬೊರೇಟರ್ ಬಿಚ್ಚಿದ್ದೆ. ವಾಪಸ್ ಕೂರಲಿಲ್ಲ, ಸ್ಕ್ರೂಡ್ರೈವರ್ ಹಾಕಿ ಮೀಟಿದೆ. ಬರೀ ನೋಡಿದೆ ಅಷ್ಟೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಇವತ್ತು ಹಳೆಯ ಕೊಳವೆಯ ಬಿರುಕಿನಲ್ಲಿ ಆ ಸ್ಕ್ರೂಡ್ರೈವರಿನ ತುದಿ ಇಟ್ಟು ನೋಡಿದೆ, ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ. ತಪ್ಪು ನನ್ನದು. ನಿನ್ನ ಕೆಲಸದಲ್ಲಿ ಕೂದಲೆಳೆಯಷ್ಟೂ ದೋಷವಿರಲಿಲ್ಲ. ಆ ಅರ್ಜಿಗೆ ಸಹಿ ಹಾಕಬೇಡ.

ಯಾರಿಗೆ ಏನು ಸಿಕ್ಕಿತು ಎಂದರೆ: ನರ್ಸಮ್ಮನಿಗೂ ಇನ್ನೈವರಿಗೂ ಲೈಸೆನ್ಸ್. ಅಜ್ಜಿಗೆ ಆಯುಷ್ಯ ಪೂರ್ತಿ ಆಡಿಕೊಳ್ಳಲು ಒಂದು ಮಾತು. ಶಾಲೆಗೆ ಹೊಸದಾಗಿ ಸೇರಿದವರು ಒಂಬತ್ತು ಮಂದಿ. ನನಗೆ ಅರವತ್ತೆಂಟನೆಯ ವಯಸ್ಸಿನಲ್ಲಿ ಬುದ್ಧಿ. ನಿನಗೆ ಇಲ್ಲಿಯವರೆಗೆ ಬೈಗುಳ ಮಾತ್ರ.