ಮೆಟ್ಟಿಲ ಗೋಡೆಯ ಗಾಜು

ಡಮ್ ಡಮ್, ಕೋಲ್ಕತಾ
12 ಆಗಸ್ಟ್ 2006, ಶನಿವಾರ

ಶ್ರೀಕರ ಅವರಿಗೆ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ, ಕಂಡರೆ ಕಾಣಲಿ. ಫೋನಿನಲ್ಲಿ ನಮ್ಮ ಮಾತು ಜಗಳಕ್ಕೇ ಮುಗಿಯುತ್ತದೆ, ಅದಕ್ಕೇ ಈ ಪತ್ರ. ಗೆಳತಿ ಶೋಭಾ ಸಾಂಬಾರ್ ಪುಡಿಗೆಂದು ನಿಮ್ಮ ಲೇಕ್ ಮಾರ್ಕೆಟ್ ಕಡೆಗೇ ಹೊರಟಿದ್ದಾಳೆ, ಅವಳ ಕೈಯಲ್ಲಿ ಕೊಡುತ್ತೇನೆ.

ಸೋಮವಾರ ಈ ಬಂಗಲೆಯನ್ನು ಪರೀಕ್ಷಿಸಲು ಬರುವ ಎಂಜಿನಿಯರ್ ನೀವೇ ಎಂದು ತಿಳಿಯಿತು. ‘ವಾಸಕ್ಕೆ ಅಪಾಯ’ ಎಂದು ನೀವು ಸಹಿ ಹಾಕಿದರೆ ಸಾಕು, ಪ್ರಮೋಟರ್ ಇದನ್ನು ಕೆಡವಿ ಐ.ಟಿ. ಕಂಪನಿಗೆ ಕಟ್ಟಡ ಎಬ್ಬಿಸುತ್ತಾನೆ. ಕೆಳಗೆ ಬಾಡಿಗೆಗಿರುವ ನನ್ನ ಮಾತು ಬಿಡಿ. ಮಹಡಿಯಲ್ಲಿರುವ ಒಡತಿ ಮಾಶಿಮಾ ಮದುವೆಯಾಗಿ ಬಂದದ್ದೇ ಈ ಮನೆಗೆ. ಬೇರೆ ಮನೆ ಅವರಿಗೆ ಗೊತ್ತಿಲ್ಲ.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಸೆಣಬಿನ ಗಿರಣಿಯ ಸಾಹೇಬನೊಬ್ಬ ಕಟ್ಟಿಸಿದ್ದು, ಮಾಶಿಮಾರ ಮಾವ ಕೊಂಡದ್ದು. ಹಿಂದೆ ಸಾಹೇಬರು ಕುಣಿಯುತ್ತಿದ್ದ ಹಜಾರದಲ್ಲೇ ದೇಶ ಒಡೆದಾಗ ನಿರಾಶ್ರಿತರು ಒಲೆ ಹೂಡಿದರಂತೆ. ಆ ಮಸಿ ಚಾವಣಿಯಲ್ಲಿ ಇನ್ನೂ ಇದೆ. ಸುಣ್ಣ ಹೊಡೆಸುವಾಗ ಮಾಶಿಮಾ ಅದೊಂದನ್ನು ಮುಟ್ಟಗೊಡುವುದಿಲ್ಲ.

ಯುಗಾದಿಗೆ ಬಂದವರು ಊಟಕ್ಕೆ ಕೂರುವ ಮೊದಲೇ ಮೆಟ್ಟಿಲ ಗೋಡೆಯ ಬಿರುಕುಗಳಿಗೆ ಅಡ್ಡವಾಗಿ ಗಾಜಿನ ಪಟ್ಟಿಗಳನ್ನು ಅಂಟಿಸಿದಿರಿ. ಗಾಜು ಒಡೀತು ಅಂದ್ರೆ ಗೋಡೆ ಸರೀತಿದೆ ಅಂತ ಅರ್ಥ, ಅವತ್ತೇ ಮನೆ ಬಿಟ್ಟುಬಿಡು ಅಂದಿರಿ. ಹೆಂಡತಿಗಿಂತ ಗೋಡೆಯೇ ನಿಮಗೆ ಚೆನ್ನಾಗಿ ಅರ್ಥವಾಗುತ್ತೆ ಅಂತ ನಾನೂ ಚುಚ್ಚಿದೆ. ಈಗ ಪಕ್ಕದ ಸೈಟಿನಲ್ಲಿ ಒಂದು ವಾರದಿಂದ ಯಂತ್ರ ನೆಲಕ್ಕೆ ಗುದ್ದುತ್ತಿದೆ. ತಟ್ಟೆ ಲೋಟ ಅದುರುತ್ತವೆ. ಆದರೂ ಗೋಡೆಯ ಮೇಲಿನ ಗಾಜೆಲ್ಲ ಇಡಿಯಾಗಿಯೇ ಇದೆ, ನೀವೇ ನೋಡುವಿರಂತೆ.

ದಯೆ ಕೇಳುತ್ತಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯಿರಿ.

ಇಂತಿ,
ರೇಷನ್ ಕಾರ್ಡಿನಲ್ಲಿ ಇನ್ನೂ ನಿಮ್ಮವಳಾದ
ಅಪರ್ಣಾ

ವಿ.ಸೂ.: ಲಕೋಟೆ ಅಂಟಿಸುವಾಗ ಮಾಶಿಮಾ ಮೆಟ್ಟಿಲಿಳಿಯುವ ಸದ್ದು ಕೇಳಿಸಿತು. ಅವರು ನೆಲ ಮುಟ್ಟುವವರೆಗೆ ನಾನು ಉಸಿರಾಡಲಿಲ್ಲ. ಮೇಲಿನ ತಿರುವಿನ ಗಾಜು ಗುರುವಾರವೇ ಒಡೆಯಿತು. ಅದನ್ನು ಕಿತ್ತು ಹೊಸದನ್ನು ಅಂಟಿಸಿದವಳು ನಾನೇ. ಅವರನ್ನು ಈಗ ಹಿತ್ತಲಿನ ಔಟ್‌ಹೌಸಿನಲ್ಲಿ ಕೂರಿಸಿದ್ದೇನೆ, ನನ್ನನ್ನು ಬೈಯುತ್ತಿದ್ದಾರೆ. ಸೋಮವಾರದವರೆಗೆ ಕಾಯಬೇಡಿ. ಇವತ್ತೇ ಬನ್ನಿ, ಗೋಡೆಗೆ ಆಸರೆ ಕೊಡಲು ಕಂಬಗಳನ್ನು ತನ್ನಿ. ಒಡೆದ ಗಾಜನ್ನು ಎಸೆದಿಲ್ಲ, ನಿಮ್ಮ ಕೈಗೇ ಕೊಡುತ್ತೇನೆ. ಆಮೇಲೆ ನೀವು ಏನು ಬರೆದರೂ ಸರಿ.