ಬೆಳ್ಳಿಯಲ್ಲಿ ಕೂಡಿಸಿದ ಹವಳ

ಆಡಕಿ
೧೨ ಏಪ್ರಿಲ್ ೧೯೯೮

ಪ್ರೀತಿಯ ಸಂಗಮೇಶ್ವರನಿಗೆ,

ಆಡಕಿಯಿಂದ ಗುರುಲಿಂಗಮ್ಮನ ಆಶೀರ್ವಾದಗಳು. ನಾವೆಲ್ಲ ಕ್ಷೇಮ ಎಂದು ಬರೆಯಲು ಕೈ ಬರಲಿಲ್ಲ, ಬಿಟ್ಟಿದ್ದೇನೆ. ಅಳಿಯನಾಗುವವನೆಂದು ನಿನಗೆ 'ನೀವು' ಅನ್ನುತ್ತಿದ್ದೆ. ಈಗ ಮಗನೆಂದುಕೊಂಡು 'ನೀನು' ಎಂದು ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ.

ನಿನ್ನ ಲಗ್ನಪತ್ರಿಕೆ ತಲುಪಿತು. ನಮ್ಮ ಭಾಗ್ಯಶ್ರೀ ಹೋಗಿ ಎರಡು ವರ್ಷವಾಯಿತು. ಇಷ್ಟು ದಿನ ನೀನು ಕಾದದ್ದೇ ಹೆಚ್ಚು. ಸುಖವಾಗಿರು.

ಶಹಾಬಾದಿನಲ್ಲಿ ನಿನ್ನ ಜೊತೆಗೇ ಕೆಲಸ ಮಾಡುವ ಬಂದೇಅಲಿಯ ಕೈಯಲ್ಲಿ ಒಂದು ಉಂಗುರ ಕಳಿಸಿದ್ದೇನೆ. ಅದರ ಹವಳ ಭಾಗ್ಯಶ್ರೀಯ ಅಪ್ಪನದು. ನಿನಗೆ ಉಂಗುರ ಮಾಡಿಸಲೆಂದು ನಾನೂ ಭಾಗ್ಯಶ್ರೀಯೂ ಸೇಡಂಗೆ, ಪತ್ತಾರ ಕಾಳಪ್ಪನ ಅಂಗಡಿಗೆ ಹೋಗಿದ್ದೆವು. ಬಂಗಾರವೋ ಬೆಳ್ಳಿಯೋ ಎಂದು ಅವನು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅವಳು ಬೆಳ್ಳಿ ಎಂದಳು.

"ಬಂಗಾರದ್ದು ಮಾಡಿಸಿದರ ಅವರು ಪೆಟ್ಟಿಗ್ಯಾಗ ಇಡ್ತಾರವ್ವ. ದಿನಾ ಫರಸಿ ಕಲ್ಲು ಎತ್ತೋ ಕೈ ಅವು. ಬೆಳ್ಳಿದಾದರ ಬೆರಳಾಗೇ ಇರ್ತದ," ಎಂದಳು.

"ಬೀಗರ ಮುಂದ ಬೆಳ್ಳಿ ಉಂಗುರ ಇಟ್ಟು ಮಾರಿ ಹೆಂಗ ತೋರಿಸ್ಲಿ? ಅಪ್ಪ ಇಲ್ಲದ ಮನಿ, ಕೈ ಬಿಗಿ ಹಿಡಿದಾರ ಅಂತಾರ," ಎಂದು ನಾನು ಎಲ್ಲರೆದುರಿಗೇ ಗದರಿದೆ.

"ಹವಳಕ್ಕ ಎರಡೂ ಒಪ್ತಾವ್ರಿ ಅಕ್ಕಾರ. ಹಾಕ್ಕೊಳ್ಳೋರ ಕೈ ನೋಡಿ ಮಾಡಿಸ್ರಿ," ಎಂದ ಕಾಳಪ್ಪ. ನಾನು ಬಂಗಾರವನ್ನೇ ಹೇಳಿ ಎದ್ದೆ. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಮುಂದಿನ ವಾರವೇ ಆ ಜ್ವರ, ಗುಲಬರ್ಗಾದ ಆಸ್ಪತ್ರೆ. ಉಂಗುರ ತಯಾರಾಗಿ ಬಂದಾಗ ಅವಳಿರಲಿಲ್ಲ.

ಹೋದ ಸೋಮವಾರ ಕಾಳಪ್ಪನ ಬಳಿ ಹೋಗಿ ಹವಳ ಬಿಡಿಸಿ ಬೆಳ್ಳಿಯಲ್ಲಿ ಕೂಡಿಸಿಕೊಂಡು ಬಂದೆ. ಆ ಬಂಗಾರ ಮನೆಯಲ್ಲಿದೆ, ಏನು ಮಾಡಬೇಕೆಂದು ತಿಳಿಯುತ್ತಿಲ್ಲ. ಉಂಗುರವನ್ನು ಮೊದಲು ನಿನ್ನ ಹೆಂಡತಿಯಾಗುವವಳಿಗೆ ತೋರಿಸು. ಅವಳು ಒಪ್ಪಿದರೆ ಹಾಕಿಕೋ. ಅವಳ ಮನಸ್ಸಿಗೆ ನೋವಾಗುವುದಾದರೆ ಬಂದೇಅಲಿಯ ಕೈಯಲ್ಲಿ ವಾಪಸ್ ಕಳಿಸು, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಲಗ್ನಕ್ಕೆ ಬರಲಾರೆ. ಮನೆಯಲ್ಲೇ ಕುಳಿತು ಹರಸುತ್ತೇನೆ.

ನಿನ್ನ ಒಳ್ಳೆಯದನ್ನೇ ಬಯಸುವ,
ಗುರುಲಿಂಗಮ್ಮ

ತಾ.ಕ.: ಪತ್ರದೊಳಗೆ ಬರೆಯಲು ಧೈರ್ಯ ಬರಲಿಲ್ಲ. ಆಸ್ಪತ್ರೆಗೆ ಸೇರಿಸಿದ ಗಳಿಗೆಯಿಂದ ಅವಳಿಗೆ ಎಚ್ಚರವಿರಲಿಲ್ಲ ಎಂದು ಅಂದು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ಮೂರು ದಿನ ಎಚ್ಚರವಿತ್ತು. ದಿನವೂ ನಿನ್ನನ್ನು ಕರೆಸೆಂದು ಕೇಳಿದಳು. ಜ್ವರಕ್ಕೆ ಬಾತ ಅವಳ ಮುಖ ನೋಡಿ ನೀನು ಲಗ್ನ ಬೇಡವೆಂದರೆ ಹೇಗೆಂದು ಹೆದರಿ ನಾನು ಹೇಳಿ ಕಳಿಸಲಿಲ್ಲ. ನಾಳೆ ಬರ್ತಾರ, ನಾಳೆ ಬರ್ತಾರ ಎನ್ನುತ್ತಿದ್ದೆ. ನಾಲ್ಕನೆಯ ದಿನ ಅವಳು ಕೇಳಲಿಲ್ಲ.