ಉಷಾಕ್ ಹಿಟ್ಟು, ಮರಾಶ್ ಹಪ್ಪಳ

ಕವಲಂದೆ, ನಂಜನಗೂಡು ತಾಲ್ಲೂಕು
೧೪-೨-೨೦೨೫

ಮುದ್ದು ಮಗಳು ಅರ್ಪಿತಳಿಗೆ ಚಿಕ್ಕಪ್ಪ ಕಲ್ಲಯ್ಯನ ಆಶೀರ್ವಾದಗಳು.

ಕಬಿನಿ ದಡದಿಂದ ಕಾವೇರಿ ದಡದವರೆಗೆ ಟರ್ಕಿ ಅಡುಗೆ ಬಲ್ಲವನು ನಾನೊಬ್ಬನೇ. ಆ ಕಾಲದ ಸುಲ್ತಾನರ ಅಡುಗೆಯವರು ಇವತ್ತು ಇದ್ದಿದ್ದರೆ ನನ್ನ ಕೈಕೆಳಗೆ ಈರುಳ್ಳಿ ಹೆಚ್ಚಿಕೊಂಡಿರಬೇಕಿತ್ತು. ಅದಿರಲಿ, ನೀನು ಹೇಗಿದ್ದೀಯ? ಟರ್ಕಿಯಲ್ಲಿ ನಿಮ್ಮ ಗಾಜಿಯಾಂಟೆಪ್ಪಿನ ಚಳಿ ಇಳಿಯಿತೆ? ಹೋಟೆಲಿನ ಒಲೆ ಮುಂದೆ ನಿಂತು ಕಾಲು ಊದುತ್ತದೆ ಅಂದಿದ್ದೆ, ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಟುಕೊ. ಫೋನಿನಲ್ಲಿ ಮಾತಾಡಿದರೆ ನಿನ್ನ ಚಿಕ್ಕಮ್ಮ ಚನ್ನಾಜಮ್ಮ ಪಕ್ಕದಲ್ಲೇ ಕಿವಿ ಕೊಟ್ಟು ಕೂರ್ತಾಳೆ. ಅದಕ್ಕೇ ಕಾಗದ ಬರೆದು ಫೋಟೊ ಹೊಡೆದು ಕಳಿಸ್ತಾ ಇದ್ದೀನಿ. ಅವಳಿಗೆ ಓದು ಬರ್ತದೆ, ನನ್ನ ಅಕ್ಷರ ಬರಲ್ಲ. ಸೋಮವಾರದೊಳಗೆ ಉತ್ತರ ಬರೆ ಮಗಳೇ. ಇಲ್ಲದಿದ್ದರೆ ಅಟ್ಟದ ಮೇಲಿನ ಎರಡು ಮೂಟೆ ತರ್ಹಾನ ದನದ ಪಾಲಾಗ್ತದೆ.

ನಡೆದದ್ದು ಇಷ್ಟು. ಗೋಧಿಯನ್ನು ಮೊಸರಲ್ಲಿ ಕಲಸಿ ಹುಳಿ ಬರಿಸಿ ಬಿಸಿಲಿಗೆ ಒಣಗಿಸೋ ತರ್ಹಾನದ ಬಗ್ಗೆ ನೀನು ಬರೆದಿದ್ದೆಯಲ್ಲ, ಅದನ್ನು ಓದಿದಾಗಿಂದ ನನಗೆ ಬೇರೆ ಯೋಚನೆಯೇ ಇಲ್ಲ. ಕುರಿ ಕುದುರೆ ಹೊಡೆದುಕೊಂಡು ಎಲ್ಲಿಂದಲೋ ಬಂದ ಜನ ಹಾಲನ್ನು ಒಣಗಿಸಿ ಚೀಲದಲ್ಲಿ ಹೊತ್ತು ತಂದರಂತೆ. ಒಂದೇ ದೇಶದಲ್ಲಿ ಕಪ್ಪುಸಮುದ್ರದ ಕಡೆಯವರು ಮುಸುಕಿನ ಜೋಳದ ರೊಟ್ಟಿ ತಿಂದರೆ ಪಡುವಣ ಕಡಲಿನವರು ಬೇಲಿ ಸೊಪ್ಪನ್ನು ಆಲಿವ್ ಎಣ್ಣೆಯಲ್ಲಿ ಬಾಡಿಸಿ ತಿಂತಾರಂತೆ. ನೀನಿರೋ ಕಡೆಯವರಿಗೆ ಮೆಣಸಿನಕಾಯಿ ಇಲ್ಲದೆ ತುತ್ತು ಇಳಿಯಲ್ಲ. ಆ ಮೆಣಸಿನಕಾಯಿ ಅವರಿಗೂ ನಮಗೂ ಅಮೆರಿಕದ ಕಡೆಯಿಂದ ಬಂದದ್ದು ಅಂತ ನೀನೇ ಬರೆದಿದ್ದೆ. ಹಂಗಾದರೆ ಅದಕ್ಕೆ ಮುಂಚೆ ಅವರು ಖಾರಕ್ಕೆ ಏನು ಹಾಕ್ತಿದ್ದರು? ಅಲ್ಲಿಯ ಮುದುಕಿಯರನ್ನು ಕೇಳಿ ಬರೆ, ಇಲ್ಲಿ ಯಾರಿಗೂ ಗೊತ್ತಿಲ್ಲ.

ನರಸೀಪುರದಲ್ಲಿ ನಿನ್ನ ಚಿಕ್ಕಮ್ಮನ ತಮ್ಮ ಶಿವಸ್ವಾಮಿ ಹೊಸ ಮನೆ ಕಟ್ಟಿಸಿದ. ಗೃಹಪ್ರವೇಶದ ಊಟಕ್ಕೆ ಟರ್ಕಿ ಹಪ್ಪಳ ನನ್ನದು ಅಂತ ಎದೆ ತಟ್ಟಿ ಹೇಳಿಬಂದೆ. ಟೊಮೆಟೊ, ಕೆಂಪು ಮೆಣಸಿನಕಾಯಿ ರುಬ್ಬಿ, ಮೊಸರು ಸುರಿದು, ಹಿಟ್ಟು ಕಲಸಿ ಇಪ್ಪತ್ತು ದಿನ ಹುಳಿ ಬರಿಸಿದೆ. ಬೀದಿಯೆಲ್ಲ ಮೂಗು ಮುಚ್ಚಿಕೊಂಡಿತು. ಆಮೇಲೆ ಐದು ಜನ ಹೆಂಗಸರನ್ನು ಕೂಲಿಗೆ ಕರೆದು ತಾರಸಿ ಮೇಲೆ ಪಂಚೆ ಹಾಸಿ ಹಪ್ಪಳದ ಹಾಗೆ ಬಳಿಸಿದೆ. ಬಿಸಿಲಿಗೆ ಪಂಚೆ ಮೇಲೆ ಒಣಗಿದ್ದನ್ನು ನಮ್ಮವರು ಎಣ್ಣೆಗಲ್ಲದೆ ಇನ್ನೆಲ್ಲಿಗೆ ಹಾಕ್ತಾರೆ? ಎಣ್ಣೆಗೇ ಹಾಕಿಸಿದೆ. ಮೇಲೆ ಕರಿ, ಒಳಗೆ ಕಲ್ಲು. ಅಡುಗೆ ದೇವಯ್ಯ ಜಾಲರಿ ಎತ್ತಿಕೊಂಡು ಎಲ್ಲರ ಮುಂದೆ, "ಕಲ್ಲಯ್ನೋರೇ, ಇದ ಎಲೆಗೆ ಬಡಿಸ್ಲೋ, ಸೂರಿಗೆ ಎಂಚು ಮಾಡ್ಲೋ?" ಅಂದ. ಎರಡು ಡಬ್ಬ ಎಣ್ಣೆ ಹಾಳು. ಶಿವಸ್ವಾಮಿ ಅಂಗಡಿಗೆ ಓಡಿ ಅಕ್ಕಿ ಹಪ್ಪಳ ತಂದ.

ಮನೆಗೆ ಬಂದು ನಿನ್ನ ಬರಹ ಮತ್ತೆ ಓದಿದೆ. ಟೊಮೆಟೊ ರುಬ್ಬಿ ಹಾಕೋ ಉಷಾಕ್ ಕಡೆಯದು ಪುಡಿ ಮಾಡಿ ಗಂಜಿ ಕಾಯಿಸೋದು. ಮರಾಶ್ ಕಡೆಯದು ತೆಳ್ಳಗೆ ಬಳಿದು ಹಾಗೇ ಮೆಲ್ಲೋದು. ನಾನು ಉಷಾಕಿನ ಹಿಟ್ಟನ್ನು ಮರಾಶಿನ ಹಾಗೆ ಬಳಿದು ಕವಲಂದೆಯ ಹಾಗೆ ಕರಿದಿದ್ದೀನಿ. ಎರಡು ಊರಿನ ನಡುವೆ ಎಷ್ಟು ದೂರ ಅಂತ ನೀನು ಬರೆಯಬೇಕಿತ್ತು ಕಣವ್ವ, ತಪ್ಪು ನಿನ್ನದೂ ಇದೆ. "ಸೋಮ್ವಾರ್ದ ಗಂಟ ನೋಡ್ತೀನಿ, ಆಮೇಲೆ ದನಕ್ಕೆ ಕಲ್ಸಿ ಆಕ್ಬುಡ್ತೀನಿ" ಅಂತ ನಿನ್ನ ಚಿಕ್ಕಮ್ಮ ಅಂದಿದ್ದಾಳೆ. ಉಳಿದದ್ದನ್ನು ಕುಟ್ಟಿ ಪುಡಿ ಮಾಡಿದರೆ ಗಂಜಿಗೆ ಬರ್ತದೆಯೇ, ಒಂದು ಲೋಟಕ್ಕೆ ನೀರೆಷ್ಟು, ಪುದೀನ ಯಾವಾಗ, ಎಲ್ಲ ಬಿಡಿಸಿ ಬರೆ. ಅವಳು ಒಂದು ಲೋಟ ಕುಡಿದು ಚೆನ್ನಾಗದೆ ಅಂದರೆ ಸಾಕು, ನರಸೀಪುರದವರು ಏನಾದರೂ ಅಂದುಕೊಳ್ಳಲಿ.

ಶ್ರೀಕಂಠೇಶ್ವರ ನಿನ್ನ ಒಲೆ ಕಾಯಲಿ, ಕಾಲೂ ಕಾಯಲಿ.

ನಿನ್ನ ಚಿಕ್ಕಪ್ಪ,
ಕಲ್ಲಯ್ಯ

ಮರೆತಿದ್ದೆ: ನನಗೆ ಹಲ್ಲು ಕಟ್ಟಿಸಿಕೊಳ್ಳೋಕೆ ನೀನು ಕಳಿಸಿದ ದುಡ್ಡನ್ನೇ ಇದಕ್ಕೆ ಹಾಕಿದ್ದು. ಹಲ್ಲಿಲ್ಲದೆ ಆ ಗಂಜಿ ಕುಡಿಯೋದು ಸಲೀಸು ಅಂತ ಕಾಣ್ತದೆ. ಚಿಕ್ಕಮ್ಮನಿಗೆ ಎರಡು ಸಾವಿರ ಹೋಯ್ತು ಅಂದಿದ್ದೀನಿ. ನಿನಗೆ ಸುಳ್ಳು ಹೇಳಿದರೆ ಗಂಜಿಯೂ ಕೆಡ್ತದೆ. ಹೋದದ್ದು ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತು.